‘ಖಾರ ಬೇಡಣ್ಣ’ ಅಂದ ಗಿರಾಕಿಯ ಬಾಯಿ ನೋಡಿದ್ದೀರಾ?

ಪಿಲ್ಲಗುಂಪೆ: ಶಿಫ್ಟು ಬಿಟ್ಟ ಹೊತ್ತು. ಕೈಗಾರಿಕಾ ಪ್ರದೇಶದ ಗೇಟುಗಳಿಂದ ಹೊರಬಿದ್ದ ಜನ ಬಸ್ಸಿಗೆ ಕಾಯುವ ಆ ಹದಿನೈದು ನಿಮಿಷ ಟೀ ಅಂಗಡಿಗೆ ಬಿಡುವಿಲ್ಲ. ಒಂದು ಕೈಯಲ್ಲಿ ಗ್ಲಾಸು, ಇನ್ನೊಂದು ಕೈಯಲ್ಲಿ ಮೆಣಸಿನಕಾಯಿ ಬಜ್ಜಿ. ಟೀ ಮುಗಿದ ಮೇಲೆ ಎರಡು ಪೊಟ್ಟಣ ಹರಿದು, ಒಂದರೊಳಗೆ ಇನ್ನೊಂದನ್ನು ಸುರಿದು, ಕುಲುಕಿ ಬಾಯಿಗೆ ಹಾಕಿಕೊಂಡರೆ ಆಯಿತು. ಆಮೇಲೆ ಹೊಸಕೋಟೆ ಬರುವವರೆಗೆ ಮಾತಿಲ್ಲ, ಬರೀ ತಲೆ ಆಡಿಸೋದು.

ಇಂಥ ಅಂಗಡಿ ನಡೆಸುವ ಯಜಮಾನರಿಗೆ ಒಂದು ಪ್ರಶ್ನೆ. ವರ್ಷಗಟ್ಟಲೆ ನಿಮ್ಮಲ್ಲಿ ಬಜ್ಜಿ ತಿಂದ ಗಿರಾಕಿ ಒಂದು ದಿನ ‘ಖಾರ ಬೇಡಣ್ಣ, ಬನ್ ಕೊಡು’ ಅಂತಾನೆ ಅಂದುಕೊಳ್ಳಿ. ಟೀ ಆರಲಿ ಅಂತ ಕಾಯ್ತಾನೆ. ತಿಂಗಳೆರಡು ತಿಂಗಳಾದ ಮೇಲೆ ಬನ್ನನ್ನೂ ಟೀಯಲ್ಲಿ ಅದ್ದಿ ಅದ್ದಿ, ಸಣ್ಣ ಚೂರು ಮಾಡಿ ಬಾಯಿಗಿಡ್ತಾನೆ. ‘ಯಾಕಪ್ಪಾ?’ ಅಂದರೆ ‘ಏನಿಲ್ಲ, ಉಷ್ಣ ಆಗಿದೆ, ಬಾಯಿ ಉರಿ’ ಅಂತಾನೆ. ನೀವು ಮಜ್ಜಿಗೆ ಕುಡಿ ಅಂತೀರಿ. ಪಕ್ಕದವನು ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗು ಅಂತಾನೆ. ಅಷ್ಟರಲ್ಲಿ ಬಸ್ಸು ಬಂತು, ಮಾತು ಮುಗೀತು.

ಮುಗಿಯಬಾರದು, ಸ್ವಾಮಿ. ಬಾಯಿ ಕ್ಯಾನ್ಸರಿನ ದಾರಿ ಶುರುವಾಗೋದು ಎಷ್ಟೋ ಸಲ ಇಲ್ಲಿಂದಲೇ. ಈ ಪುಟ್ಟ ಬದಲಾವಣೆಯನ್ನು ಮೊದಲು ಕಾಣೋರು ಡಾಕ್ಟರಲ್ಲ. ಮನೆಯಲ್ಲಿ ಊಟ ಬಡಿಸುವ ಹೆಂಡತಿ, ಟೀ ಕೊಡುವ ನೀವು, ಬಸ್ಸಿನಲ್ಲಿ ದಿನಾ ಪಕ್ಕದ ಸೀಟಿನಲ್ಲಿ ಕೂರುವ ಗೆಳೆಯ. ಡಾಕ್ಟರ ಹತ್ತಿರ ಆತ ಹೋಗೋದು ಬಾಯಿ ತೆರೆಯೋಕೇ ಆಗದಿದ್ದಾಗ. ಈ ಅಂಕಣದ ಇವತ್ತಿನ ಮಾತೆಲ್ಲ ಈ ನಡುವಿನ ತಿಂಗಳುಗಳ ಬಗ್ಗೆ.

ಲೆಕ್ಕ ಏನು ಹೇಳುತ್ತೆ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯ ಅಂದಾಜಿನಂತೆ 2022ನೇ ಇಸವಿಯಲ್ಲಿ ನಮ್ಮ ದೇಶದಲ್ಲಿ ಹೊಸದಾಗಿ ಕ್ಯಾನ್ಸರ್ ಕಂಡವರು ಸುಮಾರು 14 ಲಕ್ಷ ಜನ. ಪ್ರಾಣ ಬಿಟ್ಟವರು 9 ಲಕ್ಷಕ್ಕೂ ಮೇಲೆ. ಹೊಸ ರೋಗಿಗಳಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರಿನವರೇ 1 ಲಕ್ಷ 43 ಸಾವಿರ. ಗಂಡಸರ ಪಟ್ಟಿಯಲ್ಲಂತೂ ಇದಕ್ಕೇ ಮೊದಲ ಸ್ಥಾನ. ಹೆಂಗಸರಲ್ಲಿ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಮುಂದಿವೆ. ಆ ಕಥೆಯೇ ಬೇರೆ, ಇನ್ನೊಂದು ದಿನಕ್ಕಿರಲಿ.

‘ನಾನು ಗುಟ್ಕಾ ಹಾಕಲ್ಲ, ಬರೀ ಎಲೆ ಅಡಿಕೆ’ ಅನ್ನುವವರೂ ಇದ್ದಾರೆ. ಅಡಿಕೆ ಬೆಳೆಯುವ ನಾಡಿನಲ್ಲಿ ಹೇಳೋಕೆ ಕಷ್ಟದ ಮಾತು, ಆದರೂ ಹೇಳಲೇಬೇಕು. ಹೊಗೆಸೊಪ್ಪು ಸೇರದ ಅಡಿಕೆಯೂ ಕ್ಯಾನ್ಸರ್ ತರಬಲ್ಲದು ಎಂದು ಅದೇ ಮಂಡಲಿ 2004ರಲ್ಲಿ ತೀರ್ಮಾನ ಕೊಟ್ಟಿದೆ. ಅಡಿಕೆಯ ಚೂರು ಗಂಟೆಗಟ್ಟಲೆ ಕೆನ್ನೆಯಲ್ಲಿ ಕೂತರೆ ಒಳಚರ್ಮದ ಕೆಳಗೆ ನಾರು ಬೆಳೆದು ಗಟ್ಟಿಯಾಗುತ್ತೆ. ಮೊದಲು ಖಾರ ಉರಿ. ಆಮೇಲೆ ಕೆನ್ನೆಯ ಒಳಗೆ ಹುರಿ ಹಗ್ಗ ಎಳೆದ ಹಾಗೆ ಬಿಗಿತ. ಆಮೇಲೆ ಬಾಯಿ ಪೂರ್ತಿ ತೆರೆಯೋದಿಲ್ಲ. ಇದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರಿನ ಬಾಗಿಲು. ಇಂಥವರೆಲ್ಲರಿಗೂ ಕ್ಯಾನ್ಸರ್ ಬಂದೇ ಬರುತ್ತೆ ಅಂತಿಲ್ಲ. ಬರಬಹುದಾದವರು ಯಾರು ಅಂತ ಮೊದಲೇ ಗೊತ್ತಾಗೋದು ಮಾತ್ರ ಇಲ್ಲೇ.

ಪರೀಕ್ಷೆ ಮಾಡಿಕೊಳ್ಳಬೇಕೆ? ನಿಮ್ಮದೇ ತೋರು, ನಡು, ಉಂಗುರದ ಬೆರಳು ಮೂರನ್ನೂ ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಮೂರೂ ಹೋದರೆ ಸರಿ. ಎರಡಕ್ಕೇ ತಡೆದರೆ ನಾಳೆ ರಜಾ ಹಾಕಿ.

ಒಂದು ಟಾರ್ಚು, ಎರಡು ನಿಮಿಷ

ಲಿವರು, ಶ್ವಾಸಕೋಶ ನೋಡಬೇಕಾದರೆ ಯಂತ್ರ ಬೇಕು. ಬಾಯಿಗೆ ಏನೂ ಬೇಡ. ಕೆನ್ನೆ ಎಳೆದು ಟಾರ್ಚು ಬಿಟ್ಟರೆ ಎಲ್ಲ ಕಾಣುತ್ತೆ. ಇದು ಬರೀ ಬಾಯಿಮಾತಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಒಂದು ದೊಡ್ಡ ಪ್ರಯೋಗ ನಡೆಯಿತು. 13 ಪಂಚಾಯ್ತಿಗಳನ್ನು ಆರಿಸಿ, 7ರಲ್ಲಿ 35 ವರ್ಷ ದಾಟಿದವರ ಬಾಯಿಯನ್ನು ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ನೋಡಿದರು. ಉಳಿದ 6ರಲ್ಲಿ ಎಂದಿನಂತೆ ಬಿಟ್ಟರು. ಮೂರು ಸುತ್ತು ತಪಾಸಣೆ ಆದ ಮೇಲೆ 2005ರಲ್ಲಿ ಫಲಿತಾಂಶ ಬಂತು. ತಂಬಾಕು ಇಲ್ಲವೇ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಕಡಿಮೆ! ಹೊಸ ಔಷಧಿ ಇಲ್ಲ, ದೊಡ್ಡ ಯಂತ್ರ ಇಲ್ಲ. ಬಾಯಿ ತೆರೆಸಿ ನೋಡಿದ್ದು, ಅನುಮಾನ ಬಂದವರನ್ನು ಆಸ್ಪತ್ರೆಗೆ ಕಳಿಸಿದ್ದು, ಇಷ್ಟೇ.

ನಮ್ಮ ರಾಜ್ಯದಲ್ಲೂ ‘ಗೃಹ ಆರೋಗ್ಯ’ ಎಂಬ ಯೋಜನೆ 2024ರಲ್ಲಿ ಪಕ್ಕದ ಕೋಲಾರದಿಂದ ಶುರುವಾಯಿತು. 30 ದಾಟಿದವರ ಬಿ.ಪಿ., ಸಕ್ಕರೆಯ ಜೊತೆಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಅದರಲ್ಲಿ ಸೇರಿದೆ. ಮನೆಬಾಗಿಲಿಗೆ ಆಶಾ ಕಾರ್ಯಕರ್ತೆ ಬಂದಾಗ ‘ನನಗೇನಾಗಿದೆ, ಗುಂಡುಕಲ್ಲು ಇದ್ದ ಹಾಗಿದ್ದೀನಿ’ ಅಂತ ಕಳಿಸಿಬಿಡಬೇಡಿ. ಬಾಯಿ ತೆರೆದು ತೋರಿಸಿ.

ಅವರು ಬರುವವರೆಗೂ ಕಾಯಬೇಕಾಗಿಲ್ಲ. ಬಾಯಿ ಮುಕ್ಕಳಿಸಿ ಕನ್ನಡಿ ಮುಂದೆ ನಿಲ್ಲಿ. ತುಟಿಯ ಒಳಭಾಗ, ಎರಡೂ ಕೆನ್ನೆ, ಒಸಡು, ನಾಲಿಗೆಯ ಎರಡು ಅಂಚು, ನಾಲಿಗೆಯ ಅಡಿ, ಅಂಗಳ ಇಷ್ಟನ್ನೂ ನೋಡಿ. ಪೊಟ್ಟಣ ಇಟ್ಟುಕೊಳ್ಳುವ ಜಾಗವನ್ನು ಎರಡು ಸಲ ನೋಡಿ. ಆಮೇಲೆ ದವಡೆಯ ಕೆಳಗೆ, ಕತ್ತಿನ ಎರಡೂ ಬದಿ ಬೆರಳಾಡಿಸಿ.

ಒರೆಸಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನ ಹಾಗೆ ಕಾಣುವ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಕೈಗೆ ಸಿಗುವ ಗಂಟು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಬದಲಾದ ದನಿ, ನುಂಗಲು ತೊಡಕು — ಇವುಗಳಲ್ಲಿ ಒಂದಿದ್ದರೂ ತೋರಿಸಬೇಕು. ನೆನಪಿಡಿ, ಶುರುವಿನಲ್ಲಿ ನೋವೇ ಇರದಿರಬಹುದು. ‘ನೋವಿಲ್ವಲ್ಲ’ ಅಂತ ಸುಮ್ಮನಿದ್ದವರೇ ಹೆಚ್ಚು ಮೋಸ ಹೋಗೋದು.

‘ಕತ್ತರಿ ಹಾಕಿದರೆ ಹರಡುತ್ತಂತೆ!’

ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಸರಿ, ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋದರೂ ಸರಿ. ಅನುಮಾನ ಬಂದರೆ ಅವರು ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದಕ್ಕೆ ಬಯಾಪ್ಸಿ ಅಂತ ಹೆಸರು. ಇಲ್ಲೇ ನಮ್ಮ ಜನ ಹೆದರಿ ವಾಪಸ್ಸು ಬರೋದು. ‘ಚೂರು ತೆಗೆದರೆ ಮೈಯೆಲ್ಲ ಹರಡುತ್ತಂತೆ’ ಅಂತ ಯಾರೋ ಹೇಳಿರುತ್ತಾರೆ. ಇದಕ್ಕೆ ಆಧಾರವಿಲ್ಲ. ರೋಗ ಹರಡೋದು ಚೂರು ತೆಗೆದದ್ದರಿಂದಲ್ಲ, ತೆಗೆಸದೆ ನಾಟಿ ಔಷಧಿ, ಲೇಪ, ಹರಕೆ ಅಂತ ಕಳೆದ ತಿಂಗಳುಗಳಿಂದ. ಹರಕೆ ಹೊತ್ತುಕೊಳ್ಳಿ, ಬೇಡ ಅನ್ನೋದಿಲ್ಲ. ಆದರೆ ಚೂರು ಕೊಟ್ಟು ಆಮೇಲೆ ದೇವಸ್ಥಾನಕ್ಕೆ ಹೋಗಿ.

ಕ್ಯಾನ್ಸರ್ ಅಂತಲೇ ಆದರೆ ಮುಂದೆ? ನಮ್ಮವರ ಬಾಯಲ್ಲಿ ಮೊದಲು ಬರೋ ಹೆಸರು ಕಿದ್ವಾಯಿ. ಬೆಂಗಳೂರಿನ ಡೈರಿ ಸರ್ಕಲ್ ಹತ್ತಿರ, ನಿಮ್ಹಾನ್ಸ್ ಪಕ್ಕದಲ್ಲಿರುವ ಈ ಸರ್ಕಾರಿ ಆಸ್ಪತ್ರೆ ಶುರುವಾದದ್ದು 1973ರಲ್ಲಿ. 1980ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಬೆಂಗಳೂರಿನಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬರುತ್ತಿದೆ ಎಂಬ ದಾಖಲೆ ಪುಸ್ತಕವನ್ನು 1982ರಿಂದ ಬರೆದುಕೊಂಡು ಬಂದಿರೋದೂ ಇಲ್ಲೇ. ಇಲ್ಲಿಂದ ಹೋಗುವವರು ಹೊಸಕೋಟೆ, ಕೆ.ಆರ್.ಪುರ ದಾಟಿ ಸಿಲ್ಕ್ ಬೋರ್ಡ್ ಕಡೆಗೆ ಬಸ್ಸು ಬದಲಿಸಿದರೆ ಡೈರಿ ಸರ್ಕಲ್ ಸಿಗುತ್ತೆ. ದೂರದಿಂದ ಬಂದವರು ಉಳಿದುಕೊಳ್ಳೋಕೆ ಧರ್ಮಶಾಲೆ ಇದೆ. ಜೊತೆಗೆ ಹೋಗುವ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚೂ ಇಲ್ಲ.

ಚಿಕಿತ್ಸೆಯಲ್ಲಿ ಹೊಸದೇನು?

ಬಾಯಿ ಕ್ಯಾನ್ಸರಿಗೆ ಮೊದಲ ಮದ್ದು ಇವತ್ತಿಗೂ ಶಸ್ತ್ರಚಿಕಿತ್ಸೆಯೇ. ಆದರೆ ಅದರಲ್ಲೂ ತಿಳಿವಳಿಕೆ ಬೆಳೆದಿದೆ. ಬಾಯಿಯ ಗಡ್ಡೆ ಚಿಕ್ಕದಿದ್ದಾಗ ಕತ್ತಿನ ಗ್ರಂಥಿಗಳನ್ನೂ ಆಗಲೇ ತೆಗೆಯಬೇಕೋ, ಗಂಟು ಕಂಡ ಮೇಲೆ ತೆಗೆದರೆ ಸಾಕೋ ಅಂತ ಜಗತ್ತಿನ ಸರ್ಜನರೆಲ್ಲ ಐವತ್ತು ವರ್ಷ ವಾದ ಮಾಡಿದ್ದರು. ಉತ್ತರ ಕೊಟ್ಟದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, 2015ರಲ್ಲಿ. ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ 100ಕ್ಕೆ 80 ಮಂದಿ ಬದುಕಿದ್ದರು. ಕಾದು ನೋಡಿದವರಲ್ಲಿ 67. ಆ ಉತ್ತರ ಇವತ್ತು ಲೋಕಕ್ಕೆಲ್ಲ ಪಾಠ. ಇದರಲ್ಲಿ ನಾವು ಗಮನಿಸಬೇಕಾದ್ದು ಇನ್ನೊಂದಿದೆ. ಆ 80 ಮಂದಿ ಗಡ್ಡೆ ಚಿಕ್ಕದಿದ್ದಾಗಲೇ ಬಂದವರು.

ಎರಡನೆಯದು, ನಮ್ಮವರು ‘ಕರೆಂಟ್ ಇಡೋದು’ ಅನ್ನುವ ವಿಕಿರಣ ಚಿಕಿತ್ಸೆ. ಇದರಲ್ಲಿ ಶಾಕ್ ಹೊಡೆಯೋದಿಲ್ಲ, ಸುಡೋದಿಲ್ಲ. ಯಂತ್ರದ ಕೆಳಗೆ ಕೆಲವು ನಿಮಿಷ ಅಲ್ಲಾಡದೆ ಮಲಗಬೇಕು ಅಷ್ಟೇ. ಆದರೆ ವಾರಕ್ಕೆ ಐದು ದಿನದಂತೆ ಆರೇಳು ವಾರ ಹೋಗಬೇಕು. ದಿನ ಕಳೆದಂತೆ ಬಾಯಿ ಹುಣ್ಣಾಗುತ್ತೆ, ಎಂಜಲು ಒಣಗುತ್ತೆ, ರುಚಿ ಹೋಗುತ್ತೆ. ನಾಲ್ಕನೇ ವಾರಕ್ಕೆ ‘ಸಾಕಪ್ಪಾ’ ಅಂತ ಬಿಟ್ಟುಬಿಡುವವರಿದ್ದಾರೆ. ಹಾಗೆ ಬಿಟ್ಟರೆ ಹಿಂದಿನ ನಾಲ್ಕು ವಾರದ ಫಲವೂ ಕೈತಪ್ಪಬಹುದು. ಶುರುವಿಗೆ ಮುಂಚೆ ಹಲ್ಲು ತೋರಿಸಿಕೊಳ್ಳಬೇಕು. ಮುಗಿದ ಮೇಲೂ ಬಾಯಿ ತೆರೆಯುವ ವ್ಯಾಯಾಮವನ್ನು ದಿನಾ ಮಾಡಬೇಕು. ಗಂಜಿ, ರಾಗಿ ಅಂಬಲಿ, ಬೇಳೆ ಕಟ್ಟು, ಮೊಟ್ಟೆ ಯಾವುದನ್ನಾದರೂ ಸರಿ, ತೂಕ ಇಳಿಯದ ಹಾಗೆ ಹೊಟ್ಟೆಗೆ ಸೇರಿಸುವುದು ಮನೆಯವರ ಕೆಲಸ. ಅದೂ ಚಿಕಿತ್ಸೆಯೇ.

ಮೂರನೆಯದು ಔಷಧಿ. ಕ್ಯಾನ್ಸರ್ ಕಣ ನಮ್ಮ ದೇಹದ ಕಾವಲುಗಾರರ ಕಣ್ಣಿಗೆ ಮಣ್ಣೆರಚಿ ಬೆಳೆಯುತ್ತೆ. ಆ ಕಾವಲುಗಾರರನ್ನು ಎಚ್ಚರಿಸುವ ಇಮ್ಯುನೋಥೆರಪಿ ಎಂಬ ಔಷಧಿಗಳು ಈಗ ಬಂದಿವೆ. ಬೆಲೆ ಕೇಳಿದರೆ ಮಾತ್ರ ಬಡವನಿಗೆ ತಲೆ ತಿರುಗುತ್ತೆ. ಟಾಟಾ ಸ್ಮಾರಕದ ವೈದ್ಯರು ಅದಕ್ಕೊಂದು ಉಪಾಯ ಮಾಡಿದರು. ಮಾಮೂಲು ಪ್ರಮಾಣದ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ, ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಔಷಧಿಯನ್ನು ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ತಲೆ-ಕತ್ತಿನ ಕ್ಯಾನ್ಸರ್ ಕೈಮೀರಿದ್ದವರಲ್ಲಿ ಬರೀ ಮಾತ್ರೆ ತಗೊಂಡವರು ವರ್ಷದ ಕೊನೆಗೆ 100ಕ್ಕೆ 16 ಮಂದಿ ಉಳಿದಿದ್ದರೆ, ಈ ಚಿಕ್ಕ ಪ್ರಮಾಣ ಸೇರಿಸಿದವರಲ್ಲಿ 43 ಮಂದಿ. ಇದು 2022ರಲ್ಲಿ ಪ್ರಕಟವಾದ ಸುದ್ದಿ. ಬಡ ದೇಶದ ವೈದ್ಯರ ಬುದ್ಧಿ ಅಂದರೆ ಇದು.

ಪತ್ರಿಕೆಗಳಲ್ಲಿ ದೊಡ್ಡಕ್ಷರದಲ್ಲಿ ಬರುವ ಇನ್ನೊಂದು ಸುದ್ದಿ ಕಾರ್-ಟಿ ಚಿಕಿತ್ಸೆಯದು. ರೋಗಿಯದೇ ರಕ್ತದ ಕಣ ತೆಗೆದು, ಪ್ರಯೋಗಾಲಯದಲ್ಲಿ ತಿದ್ದಿ, ಮತ್ತೆ ಮೈಗೆ ಸೇರಿಸುತ್ತಾರೆ. ಮುಂಬಯಿ ಐಐಟಿಯಲ್ಲಿ ಹುಟ್ಟಿದ ಇಂಥ ಚಿಕಿತ್ಸೆಗೆ 2023ರಲ್ಲಿ ಪರವಾನಗಿ ಸಿಕ್ಕಿತು. ಬೆಂಗಳೂರಿನ ಬೊಮ್ಮಸಂದ್ರದ ಇಮ್ಯುನೀಲ್ ಕಂಪನಿಯೂ 2025ರಲ್ಲಿ ತನ್ನದನ್ನು ಹೊರತಂದಿತು. ಪಿಲ್ಲಗುಂಪೆಯ ಹಾಗೇ ಬೊಮ್ಮಸಂದ್ರವೂ ಕೈಗಾರಿಕಾ ಪ್ರದೇಶವೇ ನೋಡಿ! ಆದರೆ ಇವೆಲ್ಲ ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ, ಖರ್ಚೂ ಹತ್ತಾರು ಲಕ್ಷ. ಬಾಯಿ ಕ್ಯಾನ್ಸರಿನವರು ಇದನ್ನು ಓದಿ ‘ಹೊಸ ಔಷಧಿ ಬರಲಿ, ಆಮೇಲೆ ನೋಡೋಣ’ ಅಂತ ಕೂರುವ ಹಾಗಿಲ್ಲ.

ಬೀಡಿ, ಸಿಗರೇಟಿನಿಂದ ಗಂಟಲಿನ ಧ್ವನಿಪೆಟ್ಟಿಗೆಗೇ ಕ್ಯಾನ್ಸರ್ ಬಂದು ಅದನ್ನು ತೆಗೆಸಿಕೊಂಡವರ ಪಾಡು ಬೇರೆ. ಪ್ರಾಣ ಉಳಿಯುತ್ತೆ, ಮಾತು ಹೋಗುತ್ತೆ. ಮಾತು ಮರಳಿಸುವ ವಿದೇಶಿ ಸಾಧನಕ್ಕೆ ಹದಿನೈದು ಸಾವಿರದ ಮೇಲೆ. ಬೆಂಗಳೂರಿನ ಸರ್ಜನ್ ಡಾ. ವಿಶಾಲ್ ರಾವ್ ಅವರು ಕೈಗಾರಿಕೋದ್ಯಮಿ ಗೆಳೆಯ ಶಶಾಂಕ್ ಮಹೇಶ್ ಜೊತೆ ಸೇರಿ ‘ಓಂ’ ಎಂಬ ಸಾಧನ ರೂಪಿಸಿದರು. ಅದರ ಬೆಲೆ 50 ರೂಪಾಯಿ ಅಂತ 2015ರ ಸುಮಾರಿನಲ್ಲಿ ಸುದ್ದಿಯಾದಾಗ ಮೂಗಿನ ಮೇಲೆ ಬೆರಳಿಟ್ಟವರೇ ಎಲ್ಲ.

ಸಂಬಳ ಹೋದರೆ ಗತಿಯೇನು?

‘ಆರೇಳು ವಾರ ಆಸ್ಪತ್ರೆ ಅಂದರೆ ಮನೆ ನಡೆಯೋದು ಹೇಗೆ ಸಾರ್?’ ಕಾರ್ಖಾನೆಯವರು ಮೊದಲು ಕೇಳೋ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆ. ಎಷ್ಟೋ ಮಂದಿಗೆ ತಮ್ಮ ಕಿಸೆಯಲ್ಲಿರುವ ಇ.ಎಸ್.ಐ. ಕಾರ್ಡಿನ ಬೆಲೆ ಗೊತ್ತಿಲ್ಲ. ನೆಗಡಿ ಜ್ವರಕ್ಕೆ ಮಾತ್ರೆ ಕೊಡೋಕಷ್ಟೇ ಅದು ಇರೋದಲ್ಲ. ಸಾಮಾನ್ಯ ಕಾಯಿಲೆಗೆ ಸಂಬಳದ ಶೇಕಡಾ 70ರಂತೆ ವರ್ಷಕ್ಕೆ 91 ದಿನ ಸಿಗುತ್ತೆ. ಕ್ಯಾನ್ಸರ್ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿರೋದರಿಂದ ಆಮೇಲೂ ಶೇಕಡಾ 80ರಂತೆ, ವೈದ್ಯರ ಪ್ರಮಾಣಪತ್ರದ ಮೇಲೆ ಎರಡು ವರ್ಷದವರೆಗೂ ಮುಂದುವರಿಸಲು ಅವಕಾಶ ಇದೆ. ಎರಡು ವರ್ಷ ಸತತ ಕೆಲಸದಲ್ಲಿದ್ದು, ನಾಲ್ಕು ವಂತಿಗೆ ಅವಧಿಯಲ್ಲಿ 156 ದಿನದ ವಂತಿಗೆ ಕಟ್ಟಿರಬೇಕು ಅನ್ನೋದು ಷರತ್ತು. ಕಂಟ್ರಾಕ್ಟರ್ ಕೈಕೆಳಗೆ ದುಡಿಯುವವರು ತಮ್ಮ ಹೆಸರಿಗೆ ವಂತಿಗೆ ಬೀಳುತ್ತಿದೆಯೋ ಇಲ್ಲವೋ ಅಂತ ಇವತ್ತೇ ವಿಚಾರಿಸಿ. ಕಾಯಿಲೆ ಬಂದ ಮೇಲೆ ವಿಚಾರಿಸಿದರೆ ಕೈ ಹಿಸುಕಿಕೊಳ್ಳೋದೇ ಸರಿ.

ಇ.ಎಸ್.ಐ. ಇಲ್ಲದ ಅಂಗಡಿಯವರಿಗೆ, ರೈತರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎ.ಪಿ.ಎಲ್.ನವರಿಗೆ ನಿಗದಿಯಾದ ದರದಲ್ಲಿ ಶೇಕಡಾ 30ರಷ್ಟನ್ನು ಸರ್ಕಾರ ಕೊಡುತ್ತೆ, ಮಿತಿ ಒಂದೂವರೆ ಲಕ್ಷ. ಪಡಿತರ ಚೀಟಿ, ಆಧಾರ್ ಎರಡನ್ನೂ ಒಂದೇ ಚೀಲದಲ್ಲಿಟ್ಟುಕೊಂಡು ಹೋಗಿ. ಕೀಮೋ ಔಷಧಿಗಾಗಿ ಪ್ರತಿಸಲವೂ ಕಿದ್ವಾಯಿಗೇ ಓಡಬೇಕಾಗದಿರಲಿ ಅಂತ 2025ರಲ್ಲಿ 16 ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಡೇ-ಕೇರ್ ಕೀಮೋ ಕೇಂದ್ರಗಳೂ ಶುರುವಾದವು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ.

ಅಂಗಡಿಯಣ್ಣನಿಗೆ ಒಂದು ಮಾತು

ನೀವು ವ್ಯಾಪಾರಸ್ಥರು, ಬೇಡಿದ್ದನ್ನು ಕೊಡೋದು ನಿಮ್ಮ ಕಸುಬು. ಆದರೆ ಕಾನೂನು ಬಿಗಿಯಾಗಿದೆ, ನೆನಪಿರಲಿ. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲೇ ನಿಷೇಧಿಸಿತು. ಹಾಗಾಗಿಯೇ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಅಂತ ಜೋಡಿ ಪೊಟ್ಟಣದ ಆಟ ಶುರುವಾದದ್ದು. 2024ರಲ್ಲಿ ವಿಧಾನಮಂಡಲ ಒಪ್ಪಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ 21 ವರ್ಷ ತುಂಬದವರಿಗೆ ತಂಬಾಕು ಮಾರುವ ಹಾಗಿಲ್ಲ, ಶಾಲಾ ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವ ಹಾಗಿಲ್ಲ, ಸಿಗರೇಟನ್ನು ಬಿಡಿಯಾಗಿ ಮಾರುವ ಹಾಗೂ ಇಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದವನಿಗೆ ದಂಡ 200 ರೂಪಾಯಿ ಇದ್ದದ್ದು 1,000 ಆಗಿದೆ.

ದಂಡದ ಮಾತು ಬಿಡಿ. ಪೊಟ್ಟಣದ ಮಾಲೆ ತೂಗುಹಾಕಿರುವ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೂತು, ಬೇಸರ ಕಳೆಯಲು ತಾವೂ ಒಂದೊಂದು ಹರಿದು ಹಾಕಿಕೊಳ್ಳುವ ಅಂಗಡಿಯವರು ಕಡಿಮೆಯೇನಲ್ಲ. ಮೂರು ಬೆರಳಿನ ಪರೀಕ್ಷೆ ಮೊದಲು ನಿಮಗೇ ಆಗಲಿ.

ಬಿಡಬೇಕು ಅನ್ನಿಸಿದರೆ 1800-11-2356ಕ್ಕೆ ಫೋನು ಮಾಡಿ. ದುಡ್ಡು ಕೊಡಬೇಕಾಗಿಲ್ಲ. ಬಿಟ್ಟ ಮೊದಲ ವಾರ ತಲೆನೋವು, ಸಿಡುಕು, ನಿದ್ದೆಗೇಡು ಇದ್ದದ್ದೇ. ಅದನ್ನು ದಾಟಿಸೋಕೆ ಮಾತು ಹೇಳುವವರು ಅಲ್ಲಿದ್ದಾರೆ.

ಕೈಮೀರಿದವರಿಗೂ ಕೈ ಬಿಡದವರು

ಎಲ್ಲರೂ ಗುಣವಾಗುತ್ತಾರೆ ಅಂತ ಬರೆದರೆ ಸುಳ್ಳಾಗುತ್ತೆ. ತಡವಾಗಿ ಬಂದವರಲ್ಲಿ ಅನೇಕರಿಗೆ ‘ಇನ್ನು ಮನೆಗೆ ಕರಕೊಂಡು ಹೋಗಿ’ ಅನ್ನುತ್ತಾರೆ. ಮನೆಗೆ ಬಂದ ಮೇಲೆ ನೋವು, ಗಾಯದ ವಾಸನೆ, ನುಂಗಲಾಗದ ಸಂಕಟ. ಹೆಂಡತಿ ಮಕ್ಕಳು ದಿಕ್ಕು ತೋಚದೆ ಕೂರುತ್ತಾರೆ. ಅಂಥವರಿಗೆ ನಮ್ಮ ಹೊಸಕೋಟೆ ಕಡೆಯವರಿಗೆ ಬಹಳ ದೂರವೇನೂ ಅಲ್ಲದ ಮಾರತಹಳ್ಳಿ ಬದಿಯಲ್ಲಿ ‘ಕರುಣಾಶ್ರಯ’ ಇದೆ. 1994ರಲ್ಲಿ ಹುಟ್ಟಿದ ಟ್ರಸ್ಟು, 1999ರಿಂದ ಸ್ವಂತ ಕಟ್ಟಡ. ಅಲ್ಲಿ ರೋಗ ವಾಸಿ ಮಾಡುತ್ತೇವೆ ಅನ್ನೋದಿಲ್ಲ. ನೋವಿಲ್ಲದ ಹಾಗೆ, ಮೈ ಚೊಕ್ಕಟವಾಗಿರುವ ಹಾಗೆ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ, ಹಾಗೇ ನೋಡಿಕೊಳ್ಳುತ್ತಾರೆ. ರೋಗಿಯಿಂದ ಕಾಸು ತೆಗೆದುಕೊಳ್ಳೋದಿಲ್ಲ. ಮನೆಗೇ ಬಂದು ಆರೈಕೆ ಮಾಡುವ ತಂಡವೂ ಉಂಟು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಸಿಗೋದು ಮೊದಲು ಹರಸಾಹಸವಾಗಿತ್ತು. 2014ರ ಕಾನೂನು ತಿದ್ದುಪಡಿ ಆ ತೊಡಕನ್ನು ಸಡಿಲಿಸಿತು. ಅದನ್ನು ಕೊಟ್ಟರೆ ಚಟ ಹತ್ತುತ್ತೆ ಅಂತ ಹೆದರಿ ನೋವು ತಿನ್ನಿಸಬೇಡಿ. ವೈದ್ಯರು ಅಳೆದು ಕೊಡುವ ಮದ್ದು ಅದು.

ಆದರೆ ನಮ್ಮೂರಿನವರು ಅಲ್ಲಿಯವರೆಗೂ ಹೋಗದಿರಲಿ ಅನ್ನೋದೇ ಈ ಬರಹದ ಆಸೆ. ಅದಕ್ಕೆ ಅಂಗಡಿಯವರು ಮಾಡಬಹುದಾದ್ದು ಸಣ್ಣ ಕೆಲಸ. ಗಿರಾಕಿಗಳು ಕೈ ತೊಳೆಯುವ ನಲ್ಲಿಯ ಮೇಲೆ ಒಂದು ಕನ್ನಡಿ ತೂಗುಹಾಕಿ. ‘ಖಾರ ಬೇಡಣ್ಣ’ ಅಂದವನಿಗೆ ಬನ್ನು ಕೊಡಿ, ಕೊಟ್ಟು, ‘ಎಲ್ಲಿ, ಬಾಯಿ ತೆಗಿ ನೋಡೋಣ, ಮೂರು ಬೆರಳು ಹೋಗುತ್ತಾ?’ ಅಂತ ಕೇಳಿ. ನಗ್ತಾನೆ. ನಗಲಿ. ಆದರೆ ಬಸ್ಸಿನಲ್ಲಿ ಕೂತ ಮೇಲೆ, ಯಾರೂ ನೋಡದಾಗ, ಬೆರಳಿಟ್ಟು ನೋಡೇ ನೋಡ್ತಾನೆ.

ನಿಮ್ಮ ಸಾಲದ ಪುಸ್ತಕದಲ್ಲಿ ಅವನ ಹೆಸರಿದೆಯಲ್ಲ? ಬಾಕಿ ತೀರಿಸೋಕಾದರೂ ಅವನು ಇರಬೇಕು, ಸ್ವಾಮಿ.